ಕಾಲುವೆಗೆ ಬಿಟ್ಟ ಮಾನಿಟರ್

ನಾನು ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಕೆಟ್ಟ ಯಂತ್ರಗಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಅವುಗಳ ಸುತ್ತ ನಿಂತು ಸಲಹೆ ಕೊಡುವವರ ಮೇಲೆ ಬರುತ್ತದೆ. ಆ ದಿನ ಬಳಗಾನೂರಿನ ರೈಸ್ ಮಿಲ್ಲಿಗೆ ಹೋದಾಗ ಅಂಥವರು ಬೇಕಾದಷ್ಟಿದ್ದರು.

ಭತ್ತ ಒಣಗಿಸುವ ಡ್ರೈಯರ್‌ನ ಕಂಪ್ಯೂಟರಿಗೆ ಪರದೆಯಾಗಿ ಇಟ್ಟ ಟಿವಿ ಕಪ್ಪಾಗಿತ್ತು. ಹೊರಗೆ ಜಿಟಿಜಿಟಿ ಮಳೆ. ಮುಕ್ಕುಂದ ಊರಿನ ಹೆಣ್ಣುಮಗಳೊಬ್ಬಳ ಹಸಿ ಭತ್ತ ತಾಡಪತ್ರಿಯ ಕೆಳಗೆ ರಾಶಿ ಬಿದ್ದಿತ್ತು. ಅದು ಮುಂದಿನ ಬಿತ್ತನೆಗೆಂದು ಇಟ್ಟ ಬೀಜ. ರಾಶಿಯಲ್ಲೇ ಬಿಟ್ಟರೆ ಕಾವು ಹಿಡಿದು ಸಾಯುತ್ತದೆ. ಒಣಗಿಸುವಾಗ ಶಾಖ ಹೆಚ್ಚಾದರೂ ಸಾಯುತ್ತದೆ. ಸುತ್ತಲಿನ ಮಿಲ್ಲುಗಳ ಡ್ರೈಯರ್‌ಗಳೆಲ್ಲ ತುಂಬಿದ್ದವು. ಅವಳು ರಾಶಿಯೊಳಗೆ ಮೊಣಕೈತನಕ ಕೈ ಇಳಿಸಿ, "ಒಳಗ ಬಿಸಿ ಆಗಾಕತ್ತೈತಿ, ಯವ್ವಾ" ಎಂದಳು.

"ಈ ಟಿವಿ ಯಾವಾಗ ಹಾಕಿದ್ರಿ?" ಎಂದು ಮಿಲ್ಲಿನ ಸಾಹುಕಾರರನ್ನು ಕೇಳಿದೆ.

"ಆಯುಧ ಪೂಜಿಗೆ. ಹಳೇ ಮಾನಿಟರ್ ಮೂಲಿ ಒಡೆದಿತ್ತು. ಮುಕ್ಕಾದದ್ದಕ್ಕ ಪೂಜಿ ಮಾಡಬಾರದು ಅಂತ ನಮ್ಮವ್ವ ಕೆನಾಲಿಗೆ ಬಿಡಿಸಿದ್ಲು. ಮನ್ಯಾಗಿನ ಟಿವಿ ತಂದು ಇಟ್ಟೀವಿ. ಚಾಲೂ ಮಾಡಿದ್ದು ಇವತ್ತ."

ಒಡೆದ ಮೂರ್ತಿಯನ್ನು ನೀರಿಗೆ ಬಿಡುವುದು ಗೊತ್ತಿತ್ತು, ಮಾನಿಟರ್ ಬಿಟ್ಟದ್ದು ಕೇಳಿದ್ದು ಅದೇ ಮೊದಲು. ಟಿವಿಗೆ ಮೂರು ಗೆರೆ ವಿಭೂತಿ ಬೇರೆ ಬಳಿದಿದ್ದರು. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ ಉಣ್ಣಬೇಕಾದವಳು ಆ ಮುಕ್ಕುಂದದವಳು. ಬಂದ ನಗು ನುಂಗಿಕೊಂಡೆ.

ಕಂಪ್ಯೂಟರ್ ಚಾಲೂ ಮಾಡಿದರೆ ಮೊದಲು ಬಿಳಿ ಅಕ್ಷರಗಳು ಸರಿಯಾಗಿ ಮೂಡುತ್ತಿದ್ದವು. ಆಮೇಲೆ ಕತ್ತಲು. ಅರ್ಥವಾಯಿತು. ಉಳಿದೆಲ್ಲ ಏಳುವ ಮೊದಲು ಏಳುವ ಪುಟ್ಟ ತಂತ್ರಾಂಶವೊಂದಿರುತ್ತದೆ, ಬೂಟ್‌ಲೋಡರ್. ಚಿತ್ರ ಇಷ್ಟು ಚುಕ್ಕೆ ಅಗಲ, ಇಷ್ಟು ಎತ್ತರ, ಸೆಕೆಂಡಿಗೆ ಇಷ್ಟು ಸಲ ಬರಲಿ ಎಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳುವುದು ಅದೇ. ಈ ಅಳತೆಗೆ ಡಿಸ್‌ಪ್ಲೇ ಮೋಡ್ ಎನ್ನುತ್ತೇವೆ. ಇಲ್ಲಿನ ಮೋಡ್ ಕಾಲುವೆ ಪಾಲಾದ ಆ ಮಾನಿಟರ್‌ಗೆಂದೇ ಹೊಲಿಸಿದ ಅಂಗಿ. ಟಿವಿಗೆ ಒಗ್ಗಲಿಲ್ಲ, ನಾನು ಅಂಗಡಿಯಿಂದ ತಂದ ಪರದೆಗೂ ಒಗ್ಗಲಿಲ್ಲ.

ಮತ್ತೆ ಚಾಲೂ ಮಾಡಿ, ಅಕ್ಷರ ಮೂಡಿದ ಗಳಿಗೆಯಲ್ಲೇ ಕೀಲಿ ಒತ್ತಿ ಬೂಟ್‌ಲೋಡರನ್ನು ತಡೆದೆ. ಕಾರ್ಡಿಗೆ ಗೊತ್ತಿರುವ ಮೋಡ್‌ಗಳನ್ನು ಕೇಳಿ, ಎಲ್ಲಕ್ಕಿಂತ ಸಣ್ಣದನ್ನು ಬರೆದೆ. ಅದನ್ನು ಬೇಡವೆನ್ನುವ ಪರದೆ ನಾನು ಕಂಡಿಲ್ಲ. ಚಿತ್ರ ಬಂತು. ಹಿಂದಿದ್ದವರು ಚಪ್ಪಾಳೆ ತಟ್ಟಿದರು.

ಮೋಡ್ ಸಣ್ಣದಾದ್ದರಿಂದ ಬಂದದ್ದು ಚಿತ್ರದ ಎಡಮೂಲೆ ಮಾತ್ರ. ಡ್ರೈಯರ್ ಚಾಲೂ ಮಾಡಲು ಮೌಸಿನಿಂದ ಒತ್ತುವ ಹಸಿರು ಗುಂಡಿ ಕಾಣುತ್ತಿತ್ತು. ಶಾಖ ತೋರಿಸುವ ಚೌಕ ಅಂಚಿನಾಚೆ ಎಲ್ಲೋ ಉಳಿದಿತ್ತು.

"ಗುಂಡಿ ಕಾಣಾಕತ್ತೈತಲ್ಲ ತಂಗಿ, ಒತ್ತಿಬಿಡು," ಸಾಹುಕಾರರು ಅವಸರ ಮಾಡಿದರು.

"ಕಡೀಕ ಏನ್ ಒಣಗಿಸಿದ್ರಿ?"

"ಮಿಲ್ಲಿನ ಭತ್ತ, ಬ್ಯಾಸಿಗ್ಯಾಗ."

"ಹಂಗಾರ ಆ ಜಾಸ್ತಿ ಶಾಖನ ಕುಂತಿರತೈತ್ರೀ. ಬೀಜ ಬೆಂದು ಹೋಗತೈತಿ. ಯಾರೂ ಗುಂಡಿ ಮುಟ್ಟಬ್ಯಾಡ್ರಿ!" ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಮುಕ್ಕುಂದದವಳು ಮತ್ತೆ ರಾಶಿಗೆ ಕೈ ಇಳಿಸಿದಳು. ಈ ಸಲ ಬೇಗ ಹೊರಗೆಳೆದುಕೊಂಡಳು.

ಮತ್ತೆ ಬಂದ್, ಮತ್ತೆ ಚಾಲೂ. ಕಾರ್ಡ್ ಹೇಳಿದ್ದರಲ್ಲಿ ಟಿವಿಯಂತೆಯೇ ಅಗಲವಾದ ಮೋಡ್ ಒಂದಿತ್ತು. ಅದನ್ನು ಬರೆಯುವಾಗ ಬೆರಳು ತಪ್ಪಿತು, ಅಳಿಸಿ ಮತ್ತೆ ಬರೆದೆ. ಅಕ್ಷರ ಹೋಯಿತು, ಕತ್ತಲಾಯಿತು, ಕತ್ತಲು ಹಾಗೇ ನಿಂತಿತು. "ಹೋತು ಬಿಡು," ಎಂದರು ಯಾರೋ. ಆಮೇಲೆ ಇಡೀ ಚಿತ್ರ ಬಂತು, ಮೂಲೆಯಿಂದ ಮೂಲೆಗೆ. ಬೇಸಿಗೆಯ ಶಾಖ ಕೆಂಪು ಅಂಕಿಗಳಲ್ಲಿ ಹಾಗೇ ಕೂತಿತ್ತು. ಅದನ್ನು ಬೀಜಕ್ಕೆ ತಕ್ಕಷ್ಟು ಇಳಿಸಿ, ಭತ್ತ ತುಂಬಿಸಿ, ಆಮೇಲೆ ಗುಂಡಿ ಒತ್ತಿದೆ.

ಸಾಹುಕಾರರ ತಾಯಿ ಬಂದು ಟಿವಿಗೆ ಕೈ ಮುಗಿದರು. "ಯವ್ವಾ, ಇದು ಮುಕ್ಕಾದ್ರ ನೀರಿಗೆ ಬಿಡಬ್ಯಾಡ್ರಿ, ಮೊದಲ ನನಗ ಫೋನ್ ಮಾಡ್ರಿ," ಎಂದೆ.

ಕೆಲವು ದಿನಗಳ ಮೇಲೆ ಮುಕ್ಕುಂದದವಳು ನನ್ನ ಅಂಗಡಿಗೆ ಬಂದು, ಮೇಜಿನ ಮೇಲೆ ಒದ್ದೆ ಬಟ್ಟೆಯ ಎರಡು ಗಂಟು ಬಿಚ್ಚಿದಳು. ಒಂದರಲ್ಲಿ ಕಾಳಿಗೆಲ್ಲ ಬಿಳಿ ಮೊಳಕೆ. ಇನ್ನೊಂದರಲ್ಲಿ ಒಂದೂ ಇಲ್ಲ, ಹುಳಿ ವಾಸನೆ ಬರುತ್ತಿತ್ತು.

"ಇವು ಹುಟ್ಯಾವ," ಎಂದು ಮೊದಲನೆಯದನ್ನು ನನ್ನ ಕಡೆ ಸರಿಸಿದಳು. "ಆ ಹುಟ್ಟದ ಕಾಳು ತಾಡಪತ್ರಿ ಮಡಿಕ್ಯಾಗ ಉಳಿದಿದ್ದು. ಡ್ರೈಯರಿಗೆ ಹಾಕಾಕ ಮರ್ತಿದ್ವಿ."

ಮಿಲ್ಲಿನಲ್ಲಿ ನನಗೆ ಹೆದರಿಕೆ ಆಗಿರಲಿಲ್ಲ, ಬರೀ ಸಿಟ್ಟಿತ್ತು. ಹೆದರಿಕೆ ಆದದ್ದು ಆ ಎರಡನೆಯ ಗಂಟು ನೋಡಿದ ಮೇಲೆ.