ಸಾಧು ಗಂಟು

ಗುಬ್ಬಿಗೆ ಹೋಗುವ ಬಸ್ಸು ತುಮಕೂರು ಸ್ಟ್ಯಾಂಡಿನಲ್ಲೇ ಗುರುಗುಡುತ್ತಿತ್ತು. ಮುಂದಿನ ಸೀಟಿನ ಕಾಲೇಜು ಹುಡುಗಿ ಮೊಬೈಲು ನೋಡಿಕೊಂಡು ಕಷ್ಟದ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಪಕ್ಕದಲ್ಲಿ ಸ್ಕ್ಯಾನಿಂಗ್ ಕವರನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು. ಸ್ವಲ್ಪ ಹೊತ್ತು ಕೇಳಿಸಿಕೊಂಡಿದ್ದು ಆಕೆ ಮೆಲ್ಲಗೆ ಮಾತು ತೆಗೆದಳು.

“ಬಿನೈನ್ ಅಂದ್ರೆ ಏನವ್ವ? ನನ್ ಕತ್ತಿನ ಗಂಟು ನೋಡಿ ಡಾಕ್ಟ್ರು ನರ್ಸಿಗೆ ಹಂಗಂದ್ರು.”

“ನಿಮ್ಗೇನಂದ್ರು ಆಂಟಿ?”

“ಏನೂ ಇಲ್ಲ, ಹೋಗಮ್ಮ ಅಂದ್ರು. ಕನ್ನಡದಲ್ಲಿ ಎಲ್ರಿಗೂ ಹಂಗೇ ಅಂತಾರೆ ಬುಡವ್ವ. ನಿಜ ಹೇಳೋದು ಇಂಗ್ಲಿಷಲ್ಲೇ.”

ಹುಡುಗಿಗೆ ಆ ಪದ ಗೊತ್ತಿತ್ತು. “ಸೌಮ್ಯ ಸ್ವಭಾವದ, ಕೇಡು ಬಗೆಯದ” ಎಂದು ಪಾಠ ಒಪ್ಪಿಸಿದಳು. ಒಪ್ಪಿಸಿದ ಮೇಲೆ ಅವಳಿಗೇ ಅನುಮಾನ ಬಂತು: ಗಂಟಿಗೆಂಥ ಸ್ವಭಾವ? ಮೊಬೈಲಿನಲ್ಲಿ ಕೆಳಗೆ ಹುಡುಕಿ, ಅವಳಿಗೂ ಹೊಸದಾದ ಎರಡನೆಯ ಅರ್ಥವನ್ನು ಓದಿದಳು.

“ಕ್ಯಾನ್ಸರ್ ಅಲ್ಲ ಅಂತ ಆಂಟಿ!”

ಹೆಂಗಸು ಕವರನ್ನು ಕಾಲ ಬಳಿಯ ಬ್ಯಾಗಿಗೆ ತುರುಕಿ ತಂಗಿಗೆ ಫೋನ್ ಮಾಡಿದಳು. ಎರಡನೆಯ ಅರ್ಥವನ್ನು ಆಕೆ ಬಾಯಿಗೇ ತರಲಿಲ್ಲ. ಹೊಸದಾಗಿ ಕೊಂಡ ಹಸುವಿನ ಗುಣ ಹೇಳುವ ದನಿಯಲ್ಲಿ ಹೇಳಿದಳು:

“ಸಾಧು ಗಂಟಂತೆ ಕಣೇ. ಹಾಯಲ್ವಂತೆ.”