ಹೊಕ್ಕುಳ ಮೇಲಿನ ಬೆರಳು

ಮೂರು ವರ್ಷದ ಮಗುವನ್ನು ಎಲ್ಲಿ ನೋವೆಂದು ಕೇಳಿ ನೋಡಿ. ಕಿವಿ ನೋಯಲಿ, ಗಂಟಲು ಕೆರೆಯಲಿ, ಅದು ಬೆರಳಿಡುವುದು ಹೊಕ್ಕುಳ ಮೇಲೆಯೇ. ನಮ್ಮ ಮೊಮ್ಮಗಳು ತನುವಂತೂ ಅಂಗಾಲಿಗೆ ಮುಳ್ಳು ಚುಚ್ಚಿದಾಗಲೂ "ಹೊಟ್ಟಿ" ಎಂದವಳು. ಸಕಲ ದುಃಖಕ್ಕೂ ಉದರವೇ ಮೂಲವೆಂಬ ಅವಳ ಸಿದ್ಧಾಂತವನ್ನು, ನಿವೃತ್ತ ಮಾಸ್ತರನಾದ ನಾನು, ಹೋಳಿಗೆಯ ಪಂಕ್ತಿಯಲ್ಲಿ ಕುಳಿತಾಗಲೆಲ್ಲ ಮನಸಾರೆ ಅನುಮೋದಿಸಿದ್ದೇನೆ.

ನಮ್ಮ ಸಿಂದಗಿ ಸೀಮೆಯಲ್ಲಿ ಮಗುವಿನ ಹೊಟ್ಟೆ ನೋಯಿತೆಂದರೆ "ಬಟ್ಟಿ ಬಿದ್ದೈತಿ" ಎನ್ನುತ್ತಾರೆ, ಅಂದರೆ ಹೊಕ್ಕುಳು ಜಾಗ ಬಿಟ್ಟು ಸರಿದಿದೆ ಎಂದು. ಅದನ್ನು ಎಣ್ಣೆಗೈಯಿಂದ ತಿಕ್ಕಿ ಮರಳಿ ಕೂರಿಸುವುದರಲ್ಲಿ ಮೋರಟಗಿಯ ನನ್ನ ಅಕ್ಕನ ಕೈಗುಣ ಹೆಸರುವಾಸಿ. ಹೋದ ಬೇಸಿಗೆ ಅವಳು ನಮ್ಮ ಮನೆಯಲ್ಲಿದ್ದಾಗಲೇ ತನು ಮೊಣಕಾಲು ಹೊಟ್ಟೆಗೊತ್ತಿ ಚೀರಿದಳು, ಸುಮ್ಮನಾದಳು, ಮತ್ತೆ ಚೀರಿದಳು. ಅಕ್ಕ ತಿಕ್ಕತೊಡಗಿದಳು. ಮಗು ಹಸಿರಾಗಿ ವಾಂತಿ ಮಾಡಿತು.

"ಪಿತ್ತ ಹೊರಗ ಬಿತ್ತು, ಛಲೋ ಆತು. ಇನ್ನ ಹಗುರ ಆಗ್ತಾಳ," ಎಂದಳು ಅಕ್ಕ. ನಾನು ವಾತ, ಪಿತ್ತ, ಕಫಗಳ ಕುರಿತು, ಯಾರೂ ಕೇಳದಿದ್ದರೂ, ಉಪನ್ಯಾಸಕ್ಕೆ ಗಂಟಲು ಸರಿಪಡಿಸಿಕೊಂಡೆ.

ಸೊಸೆ ಸುಮಾ ಉಪನ್ಯಾಸಕ್ಕೆ ಕಾಯಲಿಲ್ಲ. "ಅತ್ತಿಯವ್ರ, ಕೈ ತಗೀರಿ. ಹಸರ ವಾಂತಿ ಛಲೋದಲ್ಲ," ಎಂದು ಮಗುವನ್ನೆತ್ತಿ ಹೊರಟೇಬಿಟ್ಟಳು. ನಾವಿಬ್ಬರೂ ಬೆನ್ನುಹತ್ತಿ ಗಾಡಿಯೇರಿದೆವು. ವಿಜಯಪುರದ ದಾರಿಯಲ್ಲಿ ತನು ಅಳು ನಿಲ್ಲಿಸಿ ಸೋತು ಮಲಗಿದಳು. "ನೋಡವಾ, ಆರಾಮಾತು, ತಿರಗ್ರಿ ಮನಿಗಿ," ಎಂದಳು ಅಕ್ಕ. ಸುಮಾಳ ಮುಖ ಬಿಳಿಚಿಕೊಂಡಿತು; ಗಾಡಿ ತಿರುಗಿಸಲು ಅವಳು ಬಿಡಲಿಲ್ಲ.

ಅಂಗಿಯ ತೋಳು ಮಡಚಿ ತನ್ನೊಳಗೇ ಸೇರಿಕೊಂಡಂತೆ ಕರುಳು ಕರುಳಿನೊಳಗೆ ಸೇರಿದೆ ಎಂದರು ಡಾಕ್ಟರು. "ಇಂಥ ಹೊಟ್ಟಿ ತಿಕ್ಕಬ್ಯಾಡ್ರಿ. ಹಸರ ವಾಂತಿ ಆದ್ರ, ಮಲದಾಗ ರಕ್ತ ಕಂಡ್ರ ಓಡಿ ಬರ್ರಿ. ಚೀರೋ ಕೂಸು ಸೋತು ಸುಮ್ಮನಾದ್ರ ಆರಾಮಾತು ಅನಬ್ಯಾಡ್ರಿ. ಅದು ಇನ್ನೂ ಹೆಚ್ಚಿನ ಅಂಜಿಕಿ." ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ನನ್ನ ಸಂಸ್ಕೃತದಲ್ಲಿ ಆಗ ಉಳಿದದ್ದು "ಶಿವಾ" ಎಂಬ ಒಂದೇ ಶಬ್ದ. ಕತ್ತರಿಯಿಲ್ಲದೆ, ಕೊಳವೆಯಿಂದ ಗಾಳಿ ತುಂಬಿ ಕರುಳನ್ನು ಸರಿಪಡಿಸಿದರು. ಅಕ್ಕ ಅಷ್ಟು ಹೊತ್ತೂ ತನ್ನ ಎಣ್ಣೆಗೈಯನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು.

ಮಕ್ಕಳ ಹೊಟ್ಟೆ ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ, ಕೀರ್ತಿ ಕೈಗುಣಕ್ಕೆ ಸಲ್ಲುತ್ತದೆ. ಅದಕ್ಕೇ ಸರಿಹೋಗದ ಒಂದು ಹೊಟ್ಟೆ ಬಂದಾಗ ನಮಗೆ ಗುರುತೇ ಹತ್ತುವುದಿಲ್ಲ.

ಮೊನ್ನೆ ಅಕ್ಕ ಮತ್ತೆ ಬಂದಿದ್ದಳು. ತನು ಮುಖ ಸಣ್ಣದು ಮಾಡಿಕೊಂಡು ಬಂದು ಹೊಕ್ಕುಳ ಮೇಲೆ ಬೆರಳಿಟ್ಟಳು. ಅಕ್ಕನ ಕೈ ಎಣ್ಣೆಯ ಬಾಟಲಿಯತ್ತ ಹೋಗಿ ಅರ್ಧಕ್ಕೇ ನಿಂತಿತು. "ಸುಮಾ, ಲಗೂ ಬಾರವಾ," ಎಂದು ಕೂಗಿ, ಮೊಮ್ಮಗಳ ಮುಂದೆ ಕುಳಿತು ಕೇಳಿದಳು: "ವಾಂತಿ ಆತೇನು ನನ್ನವ್ವ? ಯಾವ ಬಣ್ಣ ಇತ್ತು?"

"ಹಸಿವಾಗೈತಿ ಅಜ್ಜಿ," ಎಂದಳು ತನು.

ಅಕ್ಕ ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು.