ವಿಕಾಸವಾದಕ್ಕೆ ಬೆಲ್ಲದ ಪಾಕ

ರೈಲು ತಪ್ಪಬಹುದಿತ್ತು. ಸಿಕ್ಕರೂ, ಭದ್ರಾವತಿಯಲ್ಲಿ ಇಳಿಯುವಾಗ ನನ್ನ ಪಂಚೆ ಬಾಗಿಲಿಗೆ ಸಿಕ್ಕಿಕೊಳ್ಳಬಹುದಿತ್ತು. ಭಾಷಣದ ನಡುವೆ ಕರೆಂಟು ಹೋಗಬಹುದಿತ್ತು, ಇಲ್ಲವೆ ನನ್ನ ಗಂಟಲೇ ಹೋಗಬಹುದಿತ್ತು. ಪಾಳಿ ಮುಗಿಸಿ ಬಂದ ಕಾರ್ಮಿಕರು ಗೊರಕೆ ಹೊಡೆಯಬಹುದಿತ್ತು. ಗೊರಕೆ ಹೊಡೆಯದೆ ಎಚ್ಚರವಾಗಿ ಕೂತು ಪ್ರಶ್ನೆ ಹಾಕಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆಂಜನೇಯನನ್ನು ಹಗುರ ಮಾಡಿ ಮಾತಾಡಿದನೆಂದು ಸಭೆಯ ಅಧ್ಯಕ್ಷರು ಮುನಿಸಿಕೊಂಡು ನನ್ನ ಮಗಳ ಮದುವೆಯನ್ನೇ ಮುರಿಯಬಹುದಿತ್ತು.

ಈ ಕೊನೆಯದನ್ನು ಬಿಡಿಸಿ ಹೇಳಬೇಕು. ನಾನು ಶಿವಮೊಗ್ಗದಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಅಧ್ಯಕ್ಷರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಹಿರಿಯ ಗುಮಾಸ್ತರು, ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುವವರು. ತಮ್ಮ ಮಗನಿಗೆ ಹೆಣ್ಣು ನೋಡಲು ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಇವರು ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಂಬಂಧ ಒಪ್ಪಿಗೆಯಾಗುವ ತನಕ ಹೆಣ್ಣಿನ ಮನೆಯದೇನನ್ನೂ ಬಾಯಿಗೆ ಹಾಕಬಾರದೆಂಬ ಪದ್ಧತಿಯವರಾದ್ದರಿಂದ, ನನ್ನ ಹೆಂಡತಿಯ ಕೇಸರಿಬಾತನ್ನು ದೂರದಿಂದಲೇ ನೋಡಿ ಎದ್ದರು. ಹೋಗುವಾಗ, ಭದ್ರಾವತಿಯ ನ್ಯೂಟೌನಿನಲ್ಲಿ ತಾವೇ ಅಧ್ಯಕ್ಷರಾಗಿರುವ ವಾಚನಾಲಯದಲ್ಲಿ ಒಂದು ಭಾಷಣ ಮಾಡಿ ಎಂದರು. ವಿಷಯ ಯಾವುದೆಂದು ಕೇಳಿದರೆ, ಹುಡುಗರಿಗೆ ಹೇಳಿಕೊಡುತ್ತೀರಲ್ಲ, ಆ ವಿಕಾಸವಾದವೇ ಆಗಲಿ ಎಂದರು. ನನ್ನನ್ನು ಪರೀಕ್ಷೆಗೆ ಕೂರಿಸುತ್ತಿದ್ದಾರೆಂದು ಆ ಕ್ಷಣವೇ ಗೊತ್ತಾಯಿತು.

ಹೇಳುವುದಕ್ಕಿಂತ ಮಾಡಿ ತೋರಿಸುವುದು ಕ್ಷೇಮ ಎನ್ನಿಸಿತು. ಕಾರ್ಖಾನೆಯ ಹೊಗೆಗೆ ಮರದ ತೊಗಟೆ ಕಪ್ಪಾಗುತ್ತದೆ. ಅದರ ಮೇಲೆ ಬಿಳಿ ಪತಂಗ ಕೂತರೆ ಹಕ್ಕಿಗೆ ಎದ್ದು ಕಾಣುತ್ತದೆ, ಕರಿಯದು ಕಾಣುವುದಿಲ್ಲ. ಕಂಡದ್ದು ಹಕ್ಕಿಯ ಹೊಟ್ಟೆಗೆ. ಉಳಿದದ್ದು ಮರಿ ಮಾಡುತ್ತದೆ, ಮರಿಗಳಿಗೂ ಅದೇ ಬಣ್ಣ. ಹೀಗೇ ಹಲವು ತಲೆಮಾರು ಕಳೆದರೆ ಊರ ತುಂಬ ಕರಿ ಪತಂಗ. ನಿಸರ್ಗದ ಆಯ್ಕೆ ಎಂದರೆ ಇಷ್ಟೇ. ಪತಂಗದ ಬದಲು ಮಂಡಕ್ಕಿ, ಮರದ ಬದಲು ಕರಿ ಕಂಬಳಿ, ಹಕ್ಕಿಗಳ ಬದಲು ಸಭಿಕರು ಎಂದುಕೊಂಡೆ. ಅರ್ಧ ಮಂಡಕ್ಕಿಗೆ ಕಪ್ಪು ಬಣ್ಣ ಹಚ್ಚಿಡು ಎಂದು ಹೆಂಡತಿಗೆ ಹೇಳಿ, ಮಸಿಯ ಬುಡ್ಡಿ ಇಟ್ಟು ಶಾಲೆಗೆ ಹೋದೆ.

ಸಂಜೆ ಬಂದಾಗ ಬುಡ್ಡಿ ಇಟ್ಟಲ್ಲೇ ಇತ್ತು.

"ತಿನ್ನೋ ಪದಾರ್ಥಕ್ಕೆ ಯಾರಾದ್ರೂ ಮಸಿ ಹಚ್ತಾರೇನ್ರೀ? ಕರಿ ಬೆಲ್ಲದ ಪಾಕ ಹಾಕಿದೀನಿ. ಕಪ್ಪಗಿದೆಯೋ ಇಲ್ವೋ ನೋಡಿ," ಎಂದಳು.

ಕಪ್ಪಗೇ ಇತ್ತು. ಡಬ್ಬಿಗೆ ತುಂಬಿಕೊಂಡೆ.

ಭಾಷಣದ ದಿನ ರೈಲು ಸಿಕ್ಕಿತು, ಪಂಚೆ ಉಳಿಯಿತು, ಕರೆಂಟು ಕೈಕೊಡಲಿಲ್ಲ. ನಾನು ಶುರುಮಾಡಿ ಸ್ವಲ್ಪ ಹೊತ್ತಿಗೇ ಅಧ್ಯಕ್ಷರು, ಹಾಗಾದರೆ ಮನುಷ್ಯ ಕೋತಿಯಿಂದ ಬಂದವನೋ ಎಂದು ಕೇಳಿಯೇಬಿಟ್ಟರು. ಬೆವರು ಒರೆಸಿಕೊಂಡು, ಹಾಗಲ್ಲ, ಬಹಳ ಬಹಳ ಹಿಂದೆ ಇಬ್ಬರಿಗೂ ಒಂದೇ ಮೂಲ ಎಂದೆ.

"ಅಂದ್ರೆ ದಾಯಾದಿಗಳು ಅನ್ನಿ," ಎಂದು ಅವರು ಸಭೆಯ ಕಡೆ ತಿರುಗಿದರು. "ಆಂಜನೇಯಸ್ವಾಮಿ ನಮ್ಮ ದಾಯಾದಿಯಂತೆ ಕಣ್ರಪ್ಪ. ನಾನಿಷ್ಟು ದಿನ ಬರೀ ಭಕ್ತ ಅಂದ್ಕೊಂಡಿದ್ದೆ."

ಸಭೆ ನಕ್ಕಿತು. ಆ ಧೈರ್ಯದಲ್ಲೇ ಕಂಬಳಿ ಹಾಸಿ, ಎರಡೂ ಬಣ್ಣದ ಮಂಡಕ್ಕಿ ಬೆರೆಸಿ ಹರಡಿದೆ. ನೀವೆಲ್ಲ ಹಕ್ಕಿಗಳು, ನಾನು ಸಾಕೆನ್ನುವ ತನಕ ಹೆಕ್ಕಿ ತಿನ್ನಿ ಎಂದೆ. ಉಣ್ಣೆಯ ಕಂಬಳಿಗೆ ಮೈಲಿಗೆ ತಗಲದಾದ್ದರಿಂದ ಅಧ್ಯಕ್ಷರೇ ಮೊದಲ ಹಕ್ಕಿಯಾದರು. ಸುತ್ತ ಅಷ್ಟು ಜನ ಬಗ್ಗಿ ಮುತ್ತಿದರೆ ನನಗೆ ಕಂಬಳಿಯೇ ಕಾಣದು. ಸಾಕೆಂದಾಗಲೂ ಅಧ್ಯಕ್ಷರ ದವಡೆ ಆಡುತ್ತಲೇ ಇತ್ತು. ಬಹಳ ರುಚಿಯಾಗಿದೆ, ಯಾರು ಮಾಡಿದ್ದು ಎಂದರು. ನನ್ನ ಹೆಂಡತಿ ಎಂದೆ.

ದವಡೆ ನಿಂತಿತು. ಅವರು ಚಾವಣಿ ನೋಡುತ್ತ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದರು.

"ಹೆಣ್ಣಿನ ಮನೆ ಸಿಹಿ ತಿಂದಾಯ್ತಲ್ಲ ಮೇಷ್ಟ್ರೇ. ಇನ್ನೇನಿದೆ, ಮುಹೂರ್ತ ಇಡ್ಸಿ."

ಸಭೆ ಚಪ್ಪಾಳೆ ತಟ್ಟಿತು. ನಾನು ಕಣ್ಣೊರೆಸಿಕೊಂಡು, ಪಾಠದ ಸಾರ ಹೇಳಿ ಮುಗಿಸೋಣವೆಂದು ಕಂಬಳಿಯ ಕಡೆ ಬಗ್ಗಿದೆ. ಬಿಳಿ ಮಂಡಕ್ಕಿ ಹಾಗೇ ಬಿದ್ದಿತ್ತು. ಬೆಲ್ಲದ ರುಚಿ ಹತ್ತಿದ ಹಕ್ಕಿಗಳು ಕಂಬಳಿಯನ್ನೆಲ್ಲ ತಡಕಿ ಕರಿಯದನ್ನು ಒಂದೂ ಬಿಡದೆ ಮುಗಿಸಿದ್ದವು. ನನ್ನ ಪಾಠ ತಲೆಕೆಳಗಾಗಿದ್ದರೂ, ಬೀಗರಾಗುವವರ ಎದುರು ಅದನ್ನು ತಿದ್ದಲು ಹೋಗದೆ ಕಂಬಳಿ ಮಡಚಿದೆ. ನಿಸರ್ಗದಲ್ಲಿ ಅಡಗಿ ಕೂತವನೇ ಮೊದಲು ಸಾಯುವುದು ಎಂದು ಮಾತಾಡಿಕೊಳ್ಳುತ್ತ ಕಾರ್ಮಿಕರು ಮನೆಗೆ ಹೋದರು.